ನನ್ನ ಮೂಗು, ಅತ್ತೆಯ ಹಠ

ನಮ್ಮ ಅತ್ತೆಯ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಕಂದು. ಸೀಗೆಪುಡಿ ಹಾಕಿ ತಿಕ್ಕಿದರೂ, ಬೂದಿ ಹಾಕಿ ಪಾತ್ರೆ ಬೆಳಗಿದರೂ ಹೋಗದ ನಶ್ಯದ ಕಲೆ. ಮಾತಿನ ನಡುವೆ ಸೊಂಟದಿಂದ ತಗಡಿನ ಡಬ್ಬಿ ತೆಗೆದು, ಒಂದು ಚಿಟಿಕೆ ಹಿಡಿದು, ಎರಡೂ ಕಡೆ ಕೆಂಪು ಹರಳಿನ ಮೂಗುಬಟ್ಟಿದ್ದ ಅಗಲವಾದ ಮೂಗಿಗೆ ಸರ್ರನೆ ಏರಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಒಂದು ಕ್ಷಣ ಬಿಟ್ಟರೆ ದಿನದಲ್ಲಿ ಅವರು ಸುಮ್ಮನಿದ್ದದ್ದನ್ನು ನಾನು ಕಾಣೆ.

ಅಷ್ಟು ನಶ್ಯ ಏರಿಸಿದರೂ ಅವರ ಮೂಗಿನ ಚುರುಕು ಕಡಿಮೆಯಾಗಿರಲಿಲ್ಲ. ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಲೇ "ಒಲೆ ಮೇಲೆ ಹಾಲು ಸೀಯ್ತಾ ಐತೆ" ಎಂದು ಕೂಗುತ್ತಿದ್ದರು. ರೇಷ್ಮೆಹುಳದ ತಟ್ಟೆಯ ಮುಂದೆ ನಿಂತು ಒಮ್ಮೆ ಉಸಿರೆಳೆದು, "ಇದ್ರಲ್ಲಿ ಯಾವ್ದೋ ಹುಳಕ್ಕೆ ಕಾಯ್ಲೆ ಬಂದೈತೆ, ಆರಿಸಿ ತೆಗೀರಿ" ಅನ್ನುತ್ತಿದ್ದರು. ಅಂಥವರ ಮನೆಗೆ ದೇವರು ನನ್ನಂಥ ಮೂಗಿನವಳನ್ನು ಸೊಸೆಯಾಗಿ ಕಳಿಸಿದ.

ನಾನು ಚನ್ನಪಟ್ಟಣದವಳು, ಮೇಷ್ಟರ ಮಗಳು. ಕೂಟಗಲ್ಲಿನಿಂದ ಆಚೆಯ ಒಂದು ಹಳ್ಳಿಗೆ ಮದುವೆಯಾಗಿ ಬಂದಾಗ ರೇಷ್ಮೆಹುಳವನ್ನು ಹತ್ತಿರದಿಂದ ಕಂಡಿರಲೂ ಇಲ್ಲ. ಆಗೆಲ್ಲ ಹುಳಕ್ಕೆ ಬೇರೆ ಮನೆ ಅಂತ ಇರುತ್ತಿರಲಿಲ್ಲ. ನಡುಮನೆಯ ತುಂಬ ನೆಲದಿಂದ ಜಂತೆಯವರೆಗೆ ಬಿದಿರ ತಟ್ಟೆಗಳು. ಅವುಗಳಲ್ಲಿ ಹುಳ, ಹುಳದ ಮೇಲೆ ಸೊಪ್ಪು. ಹುಳಕ್ಕೆ ಕೊಟ್ಟು ಉಳಿದ ಜಾಗದಲ್ಲಿ ಮನುಷ್ಯರು ಮಲಗಬೇಕು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಹೋಗುವುದು ಅನ್ನುತ್ತಾರೆ. ಜ್ವರಕ್ಕೆ ಹೋದಾಗ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಒಣಗಿದ ಸೊಪ್ಪು, ಹುಳದ ಹಿಕ್ಕೆ, ಸುಣ್ಣದ ಪುಡಿ, ಎಲ್ಲ ಸೇರಿದ ಒಂದು ದೂಳು ಆ ಮನೆಯಲ್ಲಿ ಯಾವಾಗಲೂ ತೇಲುತ್ತಿತ್ತು. ಅದರಲ್ಲೇ ಹುಟ್ಟಿ ಬೆಳೆದವರಿಗೆ ಅದು ಕಾಣುತ್ತಲೂ ಇರಲಿಲ್ಲ.

ನನಗೆ ಮೊದಲು ಶುರುವಾದದ್ದು ಸೀನು. ಬೆಳಗ್ಗೆ ಎದ್ದರೆ ಸೀನು, ಕಸ ಗುಡಿಸಿದರೆ ಸೀನು, ಸೊಪ್ಪು ಹಾಕಿದರೆ ಸೀನು. ಆಮೇಲೆ ಮೂಗು ಕಟ್ಟಿತು. ಒಂದು ಹೊಳ್ಳೆಯಲ್ಲ, ಎರಡೂ. ಬಾಯಲ್ಲೇ ಉಸಿರಾಡಿ ಗಂಟಲು ಒಣಗಿ ಹೋಗುತ್ತಿತ್ತು. ಮಾತಾಡಿದರೆ ಮಕಾರ ಬಕಾರವಾಗುತ್ತಿತ್ತು, ನಕಾರ ದಕಾರವಾಗುತ್ತಿತ್ತು. ಹೊಸ ಸೊಸೆ ನಾನು. ಒಂದು ದಿನ ಜಗಲಿಯಲ್ಲಿ ನಾಲ್ಕು ಜನರ ನಡುವೆ ಕೂತಿದ್ದ ಮಾವನವರ ಹತ್ತಿರ ಹೋಗಿ, "ಮಾವ, ನೀರು ಕಾದಿದೆ" ಅನ್ನಲು ಬಾಯಿ ತೆರೆದೆ. "ಬಾವ, ದೀರು ಕಾದಿದೆ" ಅಂತ ಬಂತು. ಮಾವನನ್ನೇ ಭಾವ ಅಂದಳಲ್ಲ ಎಂದು ಇಡೀ ಕೇರಿ ಒಂದು ವಾರ ನಕ್ಕಿತು.

ಅತ್ತೆ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮೂಗಿನ ಕೆಲಸಕ್ಕೆ ನಿಂತರು.

"ಪ್ಯಾಟೆ ಮಗಳು, ತಲೆಗೆ ನೀರುಯ್ಕಂಡು ಸರಿಯಾಗಿ ಒರೆಸ್ಕಳಲ್ಲ. ಶೀತ ತಲೇಲಿ ಕೂತ್ಕಂಡೈತೆ" ಎಂದು ತೀರ್ಪು ಕೊಟ್ಟರು. ಆ ತೀರ್ಪು ಬದಲಾಗಲೇ ಇಲ್ಲ. ಬದಲಾದದ್ದು ಮದ್ದು ಮಾತ್ರ. ಮೊದಲಿಗೆ ಹಬೆ. ದೊಡ್ಡ ಪಾತ್ರೆಯಲ್ಲಿ ನೀಲಗಿರಿ ಸೊಪ್ಪು, ತುಳಸಿ ಹಾಕಿ ಮಳ್ಳಿಸಿ ಇಳಿಸಿ, ನನ್ನನ್ನು ಅದರ ಮುಂದೆ ಕೂರಿಸಿ ಮೇಲೊಂದು ಕುರಿ ಕಂಬಳಿ ಹೊದಿಸುತ್ತಿದ್ದರು. ಆ ಕಂಬಳಿಯನ್ನು ಯಾವ ಕಾಲದಲ್ಲಿ ಒಗೆದಿದ್ದರೋ! ಒಳಗೆ ಹಬೆ, ಮೇಲೆ ಕಂಬಳಿಯ ದೂಳು, ಹೊರಗಿನಿಂದ ನನ್ನ ತಲೆ ಏಳದಂತೆ ಒತ್ತಿ ಹಿಡಿದ ಅತ್ತೆಯ ಕೈ.

"ಸಾಕು ಅತ್ತೆ, ಮುಖ ಸುಡ್ತಿದೆ!" ಎಂದು ನಾನು ಒಳಗಿನಿಂದ ಕೂಗಿದರೆ ಹೊರಗಿನಿಂದ, "ಸುಡ್ಲಿ ತಡಿ. ಸುಟ್ರೇ ಶೀತ ಇಳಿಯದು" ಎನ್ನುತ್ತಿದ್ದರು.

ಹಬೆಯಿಂದ ಎದ್ದ ಮೇಲೆ ಸ್ವಲ್ಪ ಹೊತ್ತು ಮೂಗು ನಿಜವಾಗಿಯೂ ಬಿಡುತ್ತಿತ್ತು. ಬಂದ ಕಷ್ಟವೇ ಅದು. ಒಂದು ಸಲವೂ ಬಿಡದೇ ಇದ್ದಿದ್ದರೆ ಅವರು ಸೋತು ಕೈಬಿಡುತ್ತಿದ್ದರೋ ಏನೋ. ಬಿಡುವುದು, ಮತ್ತೆ ಕಟ್ಟುವುದು. ಅತ್ತೆಗೆ ಅದು ಪಂಥವಾಯಿತು. ಅರಿಸಿನದ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಳೆಸಿದರು. ದೊಡ್ಡಪತ್ರೆ ರಸ ಕುಡಿಸಿದರು. ಹುರುಳಿಕಟ್ಟಿನ ಸಾರಿಗೆ ಮೆಣಸು ಸುರಿದು, ಕಣ್ಣಲ್ಲಿ ನೀರು ಬರುವವರೆಗೂ ಮುಂದೆ ಕೂತು ಉಣ್ಣಿಸಿದರು. ಓಂಕಾಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, "ಇದನ್ನ ಮೂಸ್ತಾ ಇರು" ಎಂದು ಸೆರಗಿಗೆ ಸಿಕ್ಕಿಸಿದರು. ಒಂದು ದಿನ ತಾಳ್ಮೆ ಕಳೆದುಕೊಂಡು ತಮ್ಮ ನಶ್ಯವನ್ನೇ ಒಂದು ಚಿಟಿಕೆ ತಂದು ನನ್ನ ಮೂಗಿಗೆ ತುರುಕಿದರು. ಅವತ್ತು ನಾನು ಸೀನಿದ ರಭಸಕ್ಕೆ ಪಕ್ಕದ ಮನೆಯ ಕೂಸು ಎದ್ದು ಅತ್ತಿತು.

"ಕಟ್ಟಿದ್ದು ಅಂದ್ಮೇಲೆ ಬಿಡ್ಲೇಬೇಕು ಕಣಮ್ಮಿ" ಅನ್ನುವುದು ಅವರ ಮಾತು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದ್ದನ್ನಾದರೂ ಸಹಿಸಬಹುದು, ಡಂಗುರ ಸಹಿಸುವುದು ಹೇಗೆ? ರಾಮನಗರಕ್ಕೆ ಹೋಗುವ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತು ಇಡೀ ಬಸ್ಸಿಗೆ ಕೇಳುವಂತೆ, "ನಮ್ ಸೊಸೆಗೆ ಮೂಗು ಕಟ್ಟೈತೆ ಕಣ್ರವ್ವ, ನಿಮ್ ಕಡೆ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಮಾಗಡಿ ಕಡೆಯ ಒಬ್ಬಾಕೆ ಈರುಳ್ಳಿ ಸುಟ್ಟು ಮೂಸಲು ಹೇಳಿದಳು. ಕೋಡಿಹಳ್ಳಿಯ ಒಬ್ಬ ಮುದುಕ, ಕುರಿ ಕಾಯುವವನು, ಹಿಂದಿನ ಸೀಟಿನಿಂದ ಎದ್ದು ಬಂದು ಬೆಳ್ಳುಳ್ಳಿ ಎಣ್ಣೆಯ ವಿಷಯ ಹೇಳಿ ಹೋದ. ಊರಿಗೆ ಮರಳುವಷ್ಟರಲ್ಲಿ ಅತ್ತೆಯ ಹತ್ತಿರ ಹೊಸ ಮದ್ದು ಸಿದ್ಧ. ಮದುವೆಮನೆಗಳಲ್ಲಿ ಗುರುತಿಲ್ಲದವರು ನನ್ನ ಹತ್ತಿರ ಬಂದು, "ನೀನೇನಾ ಆ ಮೂಗಿನ ಸೊಸೆ?" ಅನ್ನುವಂತಾಯಿತು. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ.

ಕೊನೆಗೆ ನಮ್ಮೆಜಮಾನರು ರಾಮನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಮೂಗಿಗೆ ಬಿಡುವ ಹನಿ ಕೊಟ್ಟರು. ಅಬ್ಬಾ, ಆ ಮೊದಲ ದಿನ! ಹನಿ ಬಿಟ್ಟು ಸ್ವಲ್ಪ ಹೊತ್ತಿಗೆ ತಲೆಯೊಳಗೆ ಯಾರೋ ಕಿಟಕಿ ತೆರೆದಂತೆ ತಣ್ಣನೆಯ ಗಾಳಿ ಹೋಯಿತು. ಅತ್ತೆಯ ಸಾರಿನ ಒಗ್ಗರಣೆ ಹೇಗೆ ಘಮ್ಮೆನ್ನುತ್ತದೆ ಎಂದು ಮದುವೆಯಾದ ಮೇಲೆ ಮೊದಲ ಸಲ ಗೊತ್ತಾಯಿತು. ನಾಲ್ಕು ದಿನ ಮಾತ್ರ ಬಿಡಿ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನ ಕಳೆದ ಮೇಲೆ ಮೂಗು ಮತ್ತೆ ಕಟ್ಟಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಮತ್ತೊಂದು ಬಾಟಲಿ ತರಿಸಿದೆ. ಬರಬರುತ್ತ ಒಂದು ಸಲ ಬಿಟ್ಟ ಹನಿ ಅರ್ಧ ದಿನಕ್ಕೂ ಸಾಲದಾಯಿತು. ಬಾಟಲಿ ನನ್ನ ರವಿಕೆಯೊಳಗೇ ಇರುತ್ತಿತ್ತು. ಅದಿಲ್ಲದೆ ಮಲಗಲು ಭಯ, ಹೊರಗೆ ಹೋಗಲು ಭಯ.

ಅತ್ತೆಗೆ ಆ ಬಾಟಲಿ ಕಂಡರಾಗದು. "ಅದೇನ್ ಹಾಲು ಕುಡಿಯೋ ಕೂಸಾ ನಿನ್ ಮೂಗು, ಹೊತ್ತೊತ್ತಿಗೂ ಹನಿ ಬಿಡಕೆ?" ಅನ್ನುತ್ತಿದ್ದರು. ಒಂದು ಬೆಳಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ಅದನ್ನು ತೆಗೆದು ತಿಪ್ಪೆಗೆ ಎಸೆದೇ ಬಿಟ್ಟರು. ಹಿತ್ತಲಲ್ಲಿ ನಿಂತು ನಾನು ಕೂಗಾಡಿದೆ. "ನಿಮ್ಮ ನಶ್ಯದ ಡಬ್ಬಿ ಎಸೆದರೆ ಸುಮ್ಮನಿರ್ತೀರಾ?" ಎಂದು ಕೇಳಿದೆ. ಕಟ್ಟಿದ ಮೂಗಿನಲ್ಲಿ ಜಗಳವಾಡುವ ಕಷ್ಟ ಆಡಿದವರಿಗೇ ಗೊತ್ತು. ಸಿಟ್ಟಿನ ಮಾತೆಲ್ಲ ನಗೆಪಾಟಲಾಗಿ ಹೊರಬೀಳುತ್ತದೆ.

"ನಾನು ಏರ್ಸದು ನನ್ ಖುಷಿಗೆ. ನೀನು ಬಿಟ್ಕಳದು ಖುಷಿಗಾ?" ಎಂದು ಅತ್ತೆ ಕೇಳಿದರು. ತಿಪ್ಪೆಯಲ್ಲಿ ಕೈಯಾಡಿಸಿ ಬಾಟಲಿ ಹುಡುಕಿ ತಂದು ತೊಳೆದೆ.

ಇದಕ್ಕಿಂತ ದೊಡ್ಡ ಮಾತು ಆಮೇಲೆ ಬಂತು. ತವರಿಗೆ ಹೋದರೆ ನನ್ನ ಮೂಗು ಬಹುಮಟ್ಟಿಗೆ ಸರಿಹೋಗುತ್ತಿತ್ತು. ಮರಳಿ ಬಂದು ಹೊಸ್ತಿಲು ದಾಟಿದ್ದೇ ತಡ, ಮತ್ತೆ ಕಟ್ಟುತ್ತಿತ್ತು. ಊರಿನವರು ಇದನ್ನು ಗಮನಿಸಿದ್ದರು. ಹುಳದ ಕೆಲಸ ತಪ್ಪಿಸಿಕೊಳ್ಳಲು ಮೇಷ್ಟರ ಮಗಳು ಆಟ ಕಟ್ಟಿದ್ದಾಳೆ ಎಂಬ ಮಾತು ಬಾವಿಕಟ್ಟೆಯಿಂದ ನಮ್ಮ ಜಗಲಿಗೂ ಬಂತು. ಅದನ್ನು ಕೇಳಿದ ದಿನ ಅತ್ತೆ ಕತ್ತರಿಸುತ್ತಿದ್ದ ಸೊಪ್ಪನ್ನು ಬದಿಗೆ ಸರಿಸಿ ನನ್ನ ಮುಖ ನೋಡಿದರು.

"ಅಲ್ಲಿ ಹೋದ್ರೆ ಬಿಡ್ತದೆ, ಇಲ್ಲಿ ಬಂದ್ರೆ ಕಟ್ತದೆ. ನಿಂಗೆ ಕಟ್ಟಿರದು ಮೂಗಾ, ಮನ್ಸಾ? ಈ ಮನೆ ಬೇಡ ಅಂದ್ರೆ ನೆಟ್ಟಗೆ ಹೇಳ್ಬುಡು."

ಎಲ್ಲ ಮದ್ದಿಗಿಂತ ಆ ಮಾತು ಖಾರವಾಗಿತ್ತು. ನಾನು ಒಳಗೆ ಹೋಗಿ ಟ್ರಂಕಿಗೆ ಸೀರೆ ತುಂಬಿದೆ. ನಮ್ಮೆಜಮಾನರು ಬಾಗಿಲಲ್ಲಿ ಬಂದು ನಿಂತು, "ಹೋಗೋದಾದ್ರೆ ಹೋಗು. ಅದಕ್ಕೆ ಮುಂಚೆ ಒಂದೇ ಒಂದ್ಸಲ ಇನ್ನೊಬ್ಬ ಡಾಕ್ಟ್ರಿಗೆ ತೋರಿಸ್ಕಂಡು ಬರಾಣ" ಎಂದರು. ಅವರ ಮುಖ ನೋಡಿ ಒಪ್ಪಿದೆ.

ಕಿವಿ, ಮೂಗು, ಗಂಟಲಿನ ಆ ಡಾಕ್ಟರು ನಡುವಯಸ್ಸಿನವರು, ಮಿತಭಾಷಿ. ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಾನು ಹುಳದ ವಿಷಯ ಹೇಳುತ್ತಿದ್ದಂತೆ ತಲೆಯಾಡಿಸಿದರು.

"ಇದು ಶೀತ ಅಲ್ಲಮ್ಮ, ಅಲರ್ಜಿ. ನಿಮಗೆ ಆ ಹುಳದ ದೂಳು ಆಗಲ್ಲ. ಅದರ ಮೇಲೆ ಈ ಹನಿ ಇಷ್ಟು ತಿಂಗಳು ಬಿಟ್ಟಿದ್ದೀರಿ. ಈಗ ಮೂಗು ಕಟ್ಟಿಸ್ತಾ ಇರೋದರಲ್ಲಿ ಇದರ ಪಾಲೂ ಇದೆ. ಮೊದಲು ಇದನ್ನ ನಿಲ್ಲಿಸಿ. ಕೆಲವು ದಿನ ಬಹಳ ಕಷ್ಟ ಆಗುತ್ತೆ, ತಡ್ಕೊಳ್ಳಿ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಮೂಗು ತೊಳೀರಿ. ಮಾತ್ರೆ ಕೊಡ್ತೀನಿ. ಆದರೆ ಹುಳದಿಂದ ದೂರ ಇರದೆ ಯಾವ ಮಾತ್ರೆಯೂ ಪೂರ್ತಿ ಕೆಲಸ ಮಾಡಲ್ಲ."

ಊರಲ್ಲಿ ಬಸ್ಸಿಳಿದ ಮೇಲೆ ನಮ್ಮೆಜಮಾನರು, "ಅವ್ವಂಗೆ ನೀನೇ ಹೇಳು" ಎಂದರು. ಹುಳ ಮೇಯಿಸಿ ಬದುಕುವ ಮನೆಯಲ್ಲಿ ಹುಳ ನನಗಾಗದು ಎಂದು ಹೇಳುವುದು ನನ್ನ ಪಾಲಿಗೆ ಬಂತು.

ಹೇಳಿದೆ. ಅತ್ತೆ ಮೊದಲು ನಕ್ಕರು. ಆಮೇಲೆ ಸಿಟ್ಟಾದರು.

"ಹುಳ ಅಂದ್ರೆ ಲಕ್ಷ್ಮಿ. ಲಕ್ಷ್ಮಿ ಆಗ್ಬರದಿಲ್ಲ ಅಂದೋರ್‍ನ ನಾನು ಕಂಡಿಲ್ಲ. ಯಾವನವ್ನು ಡಾಕ್ಟ್ರು?" ನಶ್ಯದ ಡಬ್ಬಿ ತೆಗೆದರು. ಏರಿಸಿದರು. ಕಣ್ಣು ಮುಚ್ಚಿ ತೆಗೆದ ಮೇಲೆ ಹೇಳಿದರು: "ಆಯ್ತು. ಈ ಬೆಳೆ ಪೂರ್ತಿ, ಹುಳ ಗೂಡು ಕಟ್ಟೋವರ್ಗೂ, ನೀನು ಹುಳದ ತಾವ ಸುಳೀಬೇಡ. ನಿನ್ ಮೂಗು ಅಂಗೇ ಕಟ್ಟಿರ್ತದೆ ನೋಡ್ತಿರು. ಆಮ್ಯಾಕೆ ನಾನೇ ಹೋಗಿ ಅವನ್ನ ಕೇಳ್ತೀನಿ."

ಡಾಕ್ಟರನ್ನು ಸುಳ್ಳು ಮಾಡುವ ಹಠಕ್ಕೇ ಅವರು ಅದನ್ನು ಅಚ್ಚುಕಟ್ಟಾಗಿ ಮಾಡಿದರು. ಮನೆ ಹಿಂದಿನ ಸೌದೆ ಕೋಣೆ ಖಾಲಿ ಮಾಡಿಸಿ, ಸಗಣಿ ಸಾರಿಸಿ, ನನ್ನ ಚಾಪೆ ಅಲ್ಲಿಗೆ ಹಾಕಿದರು. ನಡುಮನೆಗೆ ಕಾಲಿಡಲು ಬಿಡಲಿಲ್ಲ. ನನ್ನ ಪಾಲಿನ ಸೊಪ್ಪು ಹಾಕುವುದು, ಕಸ ತೆಗೆಯುವುದು ಎಲ್ಲವನ್ನೂ ತಾವೇ ಮಾಡಿದರು. ಅಡುಗೆಯೂ ಆ ಕೋಣೆಯ ಮುಂದಿನ ಒಲೆಗೆ ಬಂತು.

ಹನಿ ನಿಲ್ಲಿಸಿದ ಆ ಮೊದಲ ದಿನಗಳನ್ನು ನೆನೆಸಿಕೊಂಡರೆ ಈಗಲೂ ಉಸಿರು ಸಿಕ್ಕಿಬೀಳುತ್ತದೆ. ಮೂಗು ಕಲ್ಲಿನಂತೆ ಗಟ್ಟಿಯಾಯಿತು. ಒಂದು ತುತ್ತು ನುಂಗಿದರೆ ಉಸಿರಿಗೆ ಬಾಯಿ ಸಿಗದು. ಅತ್ತೆ ಆಗ "ನೋಡ್ದಾ, ನಾನು ಹೇಳ್ಲಿಲ್ವಾ" ಅನ್ನಬಹುದಿತ್ತು, ಅನ್ನಲಿಲ್ಲ. ಕೆಲಸದ ನಡುವೆ ಬಂದು ಉಪ್ಪುನೀರು ಆರಿಸಿ ಕೊಟ್ಟರು. ನಾನು ಮೂಗು ತೊಳೆಯುವಾಗ ಹಣೆ ಹಿಡಿದುಕೊಂಡರು. ಹೋಗುವಾಗ ಮಾತ್ರ ಮರೆಯದೆ ಓಂಕಾಳಿನ ಗಂಟು ದಿಂಬಿನ ಪಕ್ಕ ಇಟ್ಟು ಹೋಗುತ್ತಿದ್ದರು.

ದಿನಗಳೆದಂತೆ ಬಿಗಿ ಸಡಿಲವಾಯಿತು. ಒಂದು ಬೆಳಗ್ಗೆ ಎದ್ದಾಗ ನನ್ನ ಬಾಯಿ ಮುಚ್ಚಿತ್ತು. ಮುಚ್ಚಿದ ಬಾಯಿಯಲ್ಲಿ ನಿದ್ದೆ ಮಾಡಿದ್ದೆ! ಹೊರಗೆ ಅತ್ತೆ ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದರು. ಯಾರೋ ಕರೆದರೆಂದು ಒಂದು ಗಳಿಗೆ ಆಚೆ ತಿರುಗಿದ್ದರು.

"ಅತ್ತೆ, ಮುದ್ದೆ ತಳ ಹತ್ತುತ್ತಿದೆ ನೋಡಿ" ಎಂದೆ.

ಕೋಲು ಹಿಡಿದ ಕೈ ಹಾಗೇ ನಿಂತಿತು. ನನಗೆ ವಾಸನೆ ಬಂದದ್ದು ಅವರಿಗೆ ತಿಳಿಯಿತು. ಮುದ್ದೆಯನ್ನು ನಾನು ಮುದ್ದೆ ಅಂದದ್ದೂ ತಿಳಿಯಿತು. ಎದ್ದು ಬಂದು ಕೆನ್ನೆ ಹಿಡಿದು ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು. ಡಾಕ್ಟರು ಹೇಳಿದ್ದು ನಿಜ ಎಂದು ಇನ್ನೇನು ಒಪ್ಪಿಕೊಳ್ಳುತ್ತಾರೆ ಅಂದುಕೊಂಡೆ.

"ನೋಡ್ದಾ? ನನ್ ಓಂಕಾಳಿನ ಗಂಟು ಕೆಲ್ಸ ಮಾಡ್ತು!" ಎಂದರು.

ಇಂಥವರ ಜೊತೆ ಏನು ಮಾಡುವುದು ಹೇಳಿ. ಸಾಯುವವರೆಗೂ ಅವರು ಈ ಮಾತು ಬಿಡಲಿಲ್ಲ. ಡಾಕ್ಟರನ್ನು ಕೇಳಲು ಹೋಗುತ್ತೇನೆ ಅಂದಿದ್ದನ್ನು ಮಾತ್ರ ಮರೆತೇಬಿಟ್ಟರು.

ಆದರೆ ಆ ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ ಅವರು ಮುಂದಿನ ಬೆಳೆಗೆ ಕೂಡಲೇ ಹುಳದ ಮೊಟ್ಟೆ ತರಲು ಬಿಡಲಿಲ್ಲ. ಮಾವನವರೊಂದಿಗೆ ಕೂತು ಏನೋ ಮಾತಾಡಿದರು. ಹಿಪ್ಪುನೇರಳೆ ತೋಟದ ಬದಿಯಲ್ಲಿ ಮಣ್ಣಿನ ಗೋಡೆ ಎದ್ದಿತು, ಮೇಲೆ ಹೆಂಚು ಬಂತು. ಬಿದಿರ ತಟ್ಟೆಗಳೆಲ್ಲ ನಡುಮನೆ ಬಿಟ್ಟು ಗಾಡಿಯಲ್ಲಿ ಅಲ್ಲಿಗೆ ಹೋದವು. ಯಾಕೆ ಎಂದು ಕೇಳಿದವರಿಗೆಲ್ಲ ಅತ್ತೆ ಒಂದೇ ಉತ್ತರ ಕೊಡುತ್ತಿದ್ದರು: "ಸೊಪ್ಪು ಹತ್ರ ಆಯ್ತದೆ ಕಣವ್ವ. ಹೊತ್ತೂ ಹೊತ್ತೂ ಕತ್ತು ಬಿದ್ದೋಗೈತೆ."

ಹುಳ ಇರುವ ಕಡೆ ಮನುಷ್ಯರು ಇರಲೇಬೇಕು. ಇಲಿ, ಇರುವೆ ಕಾಯಬೇಕು. ಮದುವೆಯಾಗಿ ಬಂದಾಗಿನಿಂದ ಆ ನಡುಮನೆಯಲ್ಲಿ ಮಲಗಿದ್ದ ಅತ್ತೆ ತಮ್ಮ ಚಾಪೆ ಸುತ್ತಿಕೊಂಡು ತೋಟದ ಹುಳದ ಮನೆಗೆ ಹೋದರು. ನಾನು ಬೇಡ ಎಂದೆ, ನಮ್ಮೆಜಮಾನರು ಬೇಡ ಎಂದರು. "ನಂಗೆ ಹುಳ ಮೇಯೋ ಸದ್ದು ಇಲ್ದಿದ್ರೆ ನಿದ್ದೆ ಬರದಿಲ್ಲ. ನೀವು ಮನೇಲಿ ಸಂದಾಕಿ ಮಲೀಕಳ್ರಿ" ಎಂದು ಹೊರಟೇ ಬಿಟ್ಟರು.

ಊರಿಗೆ ಹೊಸ ಸುದ್ದಿ ಸಿಕ್ಕಿತು: ಮೂಗಿನ ಸೊಸೆ ಅತ್ತೆಯನ್ನು ಹೊಲಕ್ಕೆ ಓಡಿಸಿದಳು. ಮಾಗಡಿಯಿಂದ ಬಂದಿದ್ದ ಅತ್ತೆಯ ತಂಗಿಯೂ ಹುಳದ ಮನೆಯ ಮುಂದೆ ಕೂತು ಅದನ್ನೇ ಹೇಳುತ್ತಿದ್ದರು. ನಾನು ಊಟ ತೆಗೆದುಕೊಂಡು ಹೋದವಳು ಗೋಡೆಯ ಮರೆಯಲ್ಲಿ ನಿಂತೆ.

"ನಿನ್ ಮನೇಲಿ ನೀನು ಯಾಕೆ ಇರಬಾರ್ದಕ್ಕ? ಅವಳು ಹೇಳಿದ್ಕೆಲ್ಲ ಕುಣೀತೀಯಲ್ಲ!"

ಅತ್ತೆಯ ಧ್ವನಿ ಏರಿತು. "ಅವ್ಳು ಉಸ್ರು ಕಟ್ಕಂಡು ಒದ್ದಾಡದ ನೀನ್ ಕಂಡಿದ್ದೀಯಾ? ನಾನು ಕಂಡಿವ್ನಿ. ಮನಸ್ ಕಟ್ಟೈತೆ ಅಂತ ನಾನೇ ಅಂದಿದ್ದೆ, ನನ್ ಬಾಯಿಗಿಷ್ಟು ಮಣ್ಣಾಕ. ನನ್ ಸೊಸೆ ಸುದ್ದಿ ಇಲ್ಲಿ ಎತ್ಬೇಡ."

ಅಷ್ಟರಲ್ಲಿ ನಾನು ಅವರ ಕಣ್ಣಿಗೆ ಬಿದ್ದೆ. ಮುಖ ಗಂಟಿಕ್ಕಿ, "ಅಲ್ಲೇನ್ ನಿಂತ್ಕಂಡಿದ್ದೀ ದೂಳಲ್ಲಿ? ಬುತ್ತಿ ಇಟ್ಟು ಹೋಗು. ಇವತ್ತು ಗಂಟು ಮೂಸಿದ್ಯಾ?" ಎಂದು ರೇಗಿದರು.

ಅಂದಿನಿಂದ ನಾನು ಅವರ ರೇಗಾಟಕ್ಕೆ ಎದುರಾಡುವುದನ್ನು ಬಿಟ್ಟೆನೇ? ಇಲ್ಲ. ಎದುರಾಡದೆ ಇರಲು ಅವರು ಬಿಡಬೇಕಲ್ಲ! ಆಮೇಲೆ ನನಗೆ ಊರಿನ ಅಂಗನವಾಡಿಯಲ್ಲಿ ಕೆಲಸವಾಯಿತು. ಚಳಿಗಾಲದಲ್ಲಿ, ಹುಲ್ಲು ಹೂಬಿಡುವ ಕಾಲದಲ್ಲಿ ಮೂಗು ಆಗೊಮ್ಮೆ ಈಗೊಮ್ಮೆ ಕಟ್ಟುತ್ತಿತ್ತು. ಅಂಥ ದಿನಗಳಲ್ಲಿ ಮಕ್ಕಳು ನಾನು ಹೇಳಿಕೊಟ್ಟಂತೆ ಮರವನ್ನು "ಬರ" ಎಂದು ಒಕ್ಕೊರಲಿನಿಂದ ಕೂಗುತ್ತಿದ್ದವು. ಆ ಕೂಗು ಕೇಳಿದರೆ ಸಾಕು, ಅತ್ತೆ ತೋಟದಿಂದ ಓಂಕಾಳಿನ ಗಂಟು ಹಿಡಿದು ಅಂಗನವಾಡಿಗೇ ಬಂದು, ಅಷ್ಟೂ ಮಕ್ಕಳ ಮುಂದೆ ನನ್ನ ಮೂಗಿಗೆ ಹಿಡಿಯುತ್ತಿದ್ದರು. ಸಂಜೆ ಊಟಕ್ಕೆ ಮನೆಗೆ ಬರುವ ಮುಂಚೆ ಮಾತ್ರ ತೊಟ್ಟಿಯ ಹತ್ತಿರ ಕೈಕಾಲು ಮುಖ ತೊಳೆದು, ಹುಳದ ಮನೆಯ ಸೀರೆ ಅಲ್ಲೇ ಬಿಟ್ಟು ಬೇರೆ ಉಟ್ಟು ಬರುತ್ತಿದ್ದರು. "ಬೆವ್ರು" ಅನ್ನುತ್ತಿದ್ದರು. ಮಾಗಿಯ ಚಳಿಯಲ್ಲೂ ಬೆವರು!

ಅವರು ಹೋದದ್ದು ಹುಳ ನಾಲ್ಕನೇ ಜ್ವರ ಎದ್ದು ಹಸಿವಿನಿಂದ ಮೇಯುವ ಕಾಲದಲ್ಲಿ. ಮಾವನವರು ಅಷ್ಟರಲ್ಲಿ ತೀರಿಕೊಂಡಿದ್ದರು. ಬೆಳಗ್ಗೆ ಸೊಪ್ಪು ಕೊಯ್ದು, ಒದ್ದೆ ಗೋಣಿ ಮುಚ್ಚಿ ಇಟ್ಟು, ಇನ್ನೊಂದು ಹೊರೆಗೆಂದು ಸಾಲಿನೊಳಗೆ ಹೋದವರು ಅಲ್ಲೇ ಕುಸಿದಿದ್ದರು. ನಮ್ಮೆಜಮಾನರು ಕಂಡು ಎತ್ತಿಕೊಂಡು ಬರುವಷ್ಟರಲ್ಲಿ ಉಸಿರಿರಲಿಲ್ಲ.

ಮನೆ ತುಂಬ ಜನ ಸೇರಿದರು. ಅಂಗಳದಲ್ಲಿ ಚಪ್ಪರ ಹಾಕಿದರು. ಮಾಗಡಿಯಿಂದ ತಂಗಿ ಬರುವವರೆಗೂ ಕಾಯಬೇಕೆಂದು ಹಿರಿಯರು ಹೇಳಿದರು. ಬಿಸಿಲು ಏರಿತು. ನನಗೆ ಇದ್ದಕ್ಕಿದ್ದಂತೆ ಹುಳದ ನೆನಪಾಯಿತು. ಬೆಳಗ್ಗೆಯಿಂದ ಯಾರೂ ಸೊಪ್ಪು ಹಾಕಿಲ್ಲ.

ನಾನು ಎದ್ದದ್ದನ್ನು ಕಂಡು ನಮ್ಮೆಜಮಾನರ ಚಿಕ್ಕಪ್ಪ ತಡೆದರು. "ಸೂತಕ ಕಣಮ್ಮ. ಹುಳದ ಮನೆಗೆ ಯಾರೂ ಹೋಗಂಗಿಲ್ಲ. ಹೋದ್ರೆ ಹೋಗ್ಲಿ ಒಂದು ಬೆಳೆ. ನಿಂಗಂತೂ ಮೊದ್ಲೇ ಆಗ್ಬರಕಿಲ್ಲ."

"ಹುಳ ಹಸ್ಕೊಂಡಿದ್ರೆ ಅತ್ತೆ ಸುಮ್ನೆ ಮಲಗಿರ್ತಿದ್ರಾ?" ಎಂದೆ. ಅವರು ದಾರಿ ಬಿಟ್ಟರು.

ಸೆರಗನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಹುಳದ ಮನೆಯ ಬಾಗಿಲು ತೆಗೆದೆ. ಅದನ್ನು ಕಟ್ಟಿದಾಗಿನಿಂದ ಒಳಗೆ ಕಾಲಿಟ್ಟದ್ದು ಅವತ್ತೇ. ಹುಳಗಳು ಬರಿದಾದ ದಂಟಿನ ಮೇಲೆ ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದವು. ಮೂಲೆಯಲ್ಲಿ ಅವರ ಚಾಪೆ, ಗೋಡೆಯ ಗೂಟಕ್ಕೆ ಕೆಲಸದ ಸೀರೆ. ಅವರು ಮುಚ್ಚಿಟ್ಟಿದ್ದ ಗೋಣಿಯ ಕೆಳಗೆ ಸೊಪ್ಪು ಇನ್ನೂ ತಣ್ಣಗಿತ್ತು. ತಟ್ಟೆ ತಟ್ಟೆಗೂ ಹರಡುತ್ತ ಹೋದೆ. ಅರ್ಧ ಮುಗಿಯುವಷ್ಟರಲ್ಲಿ ಸೀನು ಶುರುವಾಯಿತು, ಮೂಗು ಕಟ್ಟಿತು, ಕಣ್ಣು ಉರಿದು ನೀರು ಇಳಿಯತೊಡಗಿತು. ಕೊನೆಯ ತಟ್ಟೆಯವರೆಗೂ ಹಾಕಿಯೇ ಹೊರಗೆ ಬಂದೆ.

ಮನೆಗೆ ಬಂದಾಗ ಮುಖ ಊದಿತ್ತು, ಕಣ್ಣು ಕೆಂಪಗಾಗಿತ್ತು, ಮೂಗು ಸುರಿಯುತ್ತಿತ್ತು. ಅಷ್ಟರಲ್ಲಿ ಮಾಗಡಿಯ ತಂಗಿ ಬಂದಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದು ತಬ್ಬಿಕೊಂಡರು.

"ಅಳ್ಬೇಡ ಕಣವ್ವ, ಅಳ್ಬೇಡ. ನೋಡ್ರವ್ವ, ಹೆತ್ತ ಮಗಳೂ ಇಂಗೆ ಅಳಕಿಲ್ಲ."

"ಅಳು ಅಲ್ಲ ಚಿಕ್ಕತ್ತೆ, ಹುಳದ ದೂಳು" ಅನ್ನಲು ಹೋದೆ. ಉಸಿರಿಗೇ ದಾರಿಯಿಲ್ಲದಾಗ ಮಾತು ಎಲ್ಲಿಂದ ಬರಬೇಕು? ಅವರ ಹೆಗಲಿಗೆ ತಲೆ ಇಟ್ಟೆ. ದೂಳಿನ ನೀರು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ನನಗೂ ಗೊತ್ತಾಗಲಿಲ್ಲ.

ಆ ಬೆಳೆ ಕೈಬಿಡಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮಾತ್ರೆ ನುಂಗಿಕೊಂಡು, ಹುಳ ಗೂಡು ಕಟ್ಟುವವರೆಗೂ ನಾನೂ ನಮ್ಮೆಜಮಾನರೂ ಸೊಪ್ಪು ಹಾಕಿದೆವು. ಗೂಡು ಮಾರಿ ಬಂದ ದಿನ ಅವರು ಜಗಲಿಯಲ್ಲಿ ಕೂತು ಬಂದ ದುಡ್ಡು ಎಣಿಸಿಟ್ಟರು. ಆಮೇಲೆ ಕೇಳಿದರು: "ಅವ್ವನೇ ಇಲ್ಲ. ನಿನ್ ಮೂಗು ಬೇರೆ ಇಂಗೆ. ಮುಂದಿನ ಬೆಳೆಗೆ ಮೊಟ್ಟೆ ತರೋದು ನಿಲ್ಲಿಸ್ಬುಡಾಣವಾ?"

ತನ್ನಿ ಎಂದೆ.